ಕಾಣೆಯಾದ ಆರು ಆಂಪಿಯರ್

"ಬಾರಾ ಸೌ ಪೈಂಸಠ್," ಎಂದಳು ಗುಲ್ಶನ್.

ಬ್ಯಾಟರಿಯ ಆರನೇ ಕೋಣೆಯಿಂದ ಗಾಜಿನ ನಳಿಕೆಯನ್ನು ಎತ್ತಿ ಬಾಗಿಲ ಬೆಳಕಿಗೆ ಹಿಡಿದಿದ್ದಳು. ನಳಿಕೆ ಹೀರಿಕೊಂಡ ಆಸಿಡ್ಡಿನಲ್ಲಿ ತೇಲುವ ಕಡ್ಡಿ ಸಾವಿರದ ಇನ್ನೂರ ಅರವತ್ತೈದರ ಗೆರೆಗೆ ನಿಂತಿತ್ತು. ಹಿಂದಿನ ಐದು ಕೋಣೆಗಳದ್ದೂ ಇದೇ ಹೇಳಿಕೆ. ಹೊಟ್ಟೆತುಂಬ ಕರೆಂಟು ಕುಡಿದ ಬ್ಯಾಟರಿಯ ಅಳತೆ ಅದು.

"ಆರಕ್ಕಾರೂ ಬರೋಬರಿ ಅವ ಕಾಕಾ. ನೀರು ಬರೋಬರಿ, ಟರ್ಮಿನಲ್ ಸ್ವಚ್ಛ. ಇನ್ನ ಎಲ್ಲಿ ಅಂತ ಖೋಟ್ ಹುಡುಕೂಣು?"

ಆನಂದತೀರ್ಥರು ಮೂಗಿನ ಮೇಲೆ ಜಾರಿದ ಕನ್ನಡಕ ಏರಿಸಿದರು. ಪೊಲೀಸ್ ಇಲಾಖೆಯ ವೈರ್‌ಲೆಸ್ ಶಾಖೆಯಲ್ಲಿ ಮೂವತ್ತಾರು ವರ್ಷ ತಂತಿ, ಬ್ಯಾಟರಿಗಳೊಡನೆ ಸಂಸಾರ ಮಾಡಿ ನಿವೃತ್ತರಾದ ಮನುಷ್ಯ. ಕಲಬುರಗಿಯ ಖೂಬಾ ಪ್ಲಾಟಿನ ಮನೆಯಲ್ಲಿ ಪೇಪರ್ ಓದಿಕೊಂಡು ತೆಪ್ಪಗಿರಬೇಕಾದವರು, ಊರ ಮಂದಿಯ ಕಳವು, ಮೋಸಗಳ ಬೆನ್ನು ಹತ್ತಿ ಹೊತ್ತು ಕಳೆಯುತ್ತಿದ್ದರು. ಈ ಸಲದ್ದು ಮಾತ್ರ ಊರ ಮಂದಿಯದಲ್ಲ, ಐವತ್ತೈದು ವರ್ಷದಿಂದ ಜೊತೆಗಿದ್ದ ಗೆಳೆಯನ ಕುತ್ತಿಗೆಗೆ ಬಂದಿದ್ದು.

ಒಂಬತ್ತು ದಿನದ ಹಿಂದೆ, ಕಮಲಾಪುರದ ಆಚೆಯ ಕೆರೆಯಲ್ಲಿ ದೋಣಿ ಹಾಕಿಕೊಂಡು ಹಕ್ಕಿ ಎಣಿಸುತ್ತಿದ್ದ ಅತುಲ ಎಂಬ ನಲವತ್ತರ ಮನುಷ್ಯ ಕಾಣೆಯಾಗಿದ್ದ. ದೋಣಿ ಕೆರೆಯ ನಟ್ಟನಡುವೆ ಸಿಕ್ಕಿತು. ಮೋಟರು ತಣ್ಣಗೆ, ಬ್ಯಾಟರಿ ಖಾಲಿ, ಫೋನು ಹಲಗೆಯ ಮೇಲೆ, ಮನುಷ್ಯ ಇಲ್ಲ. ಬ್ಯಾಟರಿ ಕೈಕೊಟ್ಟಿತು, ಈಜಿ ದಡ ಸೇರಲು ಹೋಗಿ ಮುಳುಗಿದ ಎಂದು ಪೊಲೀಸರು ಬರೆದುಕೊಂಡರು. ಹೆಣ ಇನ್ನೂ ಸಿಕ್ಕಿರಲಿಲ್ಲ. ಕೆಟ್ಟ ಬ್ಯಾಟರಿ ಕೊಟ್ಟವರೇ ನನ್ನ ತಮ್ಮನನ್ನು ಕೊಂದರು ಎಂದು ಅಕ್ಕ ಪದ್ಮಜಾ ದೂರು ಕೊಟ್ಟಳು.

ಬ್ಯಾಟರಿ ಕೊಟ್ಟವನು ಗುಲ್ಶನ್‌ಳ ತಂದೆ ಜಹೀರುದ್ದೀನ್. ನಾಳೆ ಹನ್ನೊಂದು ಗಂಟೆಗೆ ಅವನು ಠಾಣೆಗೆ ಹಾಜರಾಗಬೇಕಿತ್ತು. ಬ್ಯಾಟರಿಯದೇ ತಪ್ಪೆಂದು ಆದರೆ ಮನೆಗೆ ಮರಳುವಂತಿರಲಿಲ್ಲ.

ಆ ಜಹೀರುದ್ದೀನ್ ಈಗ ಅಂಗಡಿಯ ಹೊಸ್ತಿಲ ಪಕ್ಕದ ಸ್ಟೂಲಿನ ಮೇಲೆ, ತನಗೆ ಇದಾವುದೂ ಸಂಬಂಧವಿಲ್ಲವೆಂಬಂತೆ, ಬಸಿಯಲ್ಲಿ ಚಹಾ ಆರಿಸಿಕೊಳ್ಳುತ್ತಿದ್ದ. ಬೆರಳು ನಡುಗಿ ಅರ್ಧ ಚಹಾ ಪೈಜಾಮದ ಮೇಲೆ ಬಿತ್ತು.

"ನಾ ಹೇಳಿದ್ದಿಲ್ಲೇನು? ನಮ್ಮ ಮಾಲಿನಾಗ ಖೋಟ್ ಇಲ್ಲ. ಹೋಗಿ ಹೇಳು ನಿನ್ನ ಪೊಲೀಸರಿಗೆ."

"ಹೇಳ್ತೀನಿ. ಅವರು ಕೇಳ್ತಾರ, ಹಂಗಾರ ಕಮಲಾಪುರದಾಗ ಯಾಕ ಚಾರ್ಜ್ ಆಗಲಿಲ್ಲ ಅಂತ. ಏನು ಹೇಳ್ಲಿ?"

ಜಹೀರುದ್ದೀನ್ ಬಸಿ ಕೆಳಗಿಟ್ಟ.

ಅತುಲ ಇಟ್ಟುಕೊಂಡಿದ್ದು ಜೋಡಿ ಬ್ಯಾಟರಿ. ಒಂದು ದೋಣಿಯಲ್ಲಿ ಸಿಕ್ಕಿ ಠಾಣೆಯಲ್ಲಿ ಸೀಲಾಗಿ ಕೂತಿತ್ತು. ಇನ್ನೊಂದು ಈ ಮೇಜಿನ ಮೇಲಿದ್ದದ್ದು. ಅದನ್ನು ಅವನೇ ಮೂರು ಸಲ ಹೊತ್ತು ತಂದಿದ್ದ. ಇಡೀ ದಿನ ಇಟ್ಟರೂ ತುಂಬುವುದಿಲ್ಲ, ಕೆರೆಯ ಆಚೆ ದಂಡೆಗೆ ಹೋದರೆ ಈಚೆ ಬರುವಷ್ಟು ದಮ್ಮಿರುವುದಿಲ್ಲ ಎಂದು ಗೋಳಾಡಿದ್ದ. ಮೂರು ಸಲವೂ ಅಂಗಡಿಯಲ್ಲಿ ಹತ್ತೇ ತಾಸಿಗೆ ತುಂಬಿತು. ಚಾರ್ಜರಿನ ತಪ್ಪಿರಬಹುದೆಂದು ಜಹೀರುದ್ದೀನ್ ತಾನೇ ಮುಂದೆ ನಿಂತು ಕಟ್ಟಿಸಿದ ಹತ್ತು ಆಂಪಿಯರಿನ ಹೊಸ ಚಾರ್ಜರನ್ನೂ ಕೊಟ್ಟು ಕಳಿಸಿದ. ಅದನ್ನು ಹಾಕಿದ ಮೇಲೂ ಅದೇ ಹಾಡು.

"ಜಹೀರಾ, ಮೂರು ಸಲ ಬಂತು, ಮೂರು ಸಲಾನೂ ಇಲ್ಲಿ ಶಾಣ್ಯಾ ಹಂಗ ಕೂತಿತು. ನೀ ಒಂದು ಸಲನಾರ ಕಮಲಾಪುರಕ್ಕ ಹೋಗಿ ನೋಡಿದ್ಯೇನು?"

"ನಾ ಯಾಕ ಹೋಗ್ಲಿ?"

"ಹೋಗಿಲ್ಲಲ?"

"ಅಬ್ಬಾಜಾನ್ ಏನು ಹೇಳಿ ಹೋಗ್ಯಾರ ನಿನಗ ಗೊತ್ತದ. ಬ್ಯಾಟರಿ ಅಂಗಡಿಗೆ ಬರಬೇಕು, ಅಂಗಡಿ ಬ್ಯಾಟರಿ ಕಡೆ ಹೋಗಬಾರದು."

ಸೂಪರ್ ಮಾರ್ಕೆಟ್ ಹಿಂದಿನ ಈ ಗಲ್ಲಿಯಲ್ಲಿ ಎಲ್ಲರಿಗೂ ಗೊತ್ತಿದ್ದ ಕಾನೂನು ಅದು. ಜಹೀರುದ್ದೀನನ ತಂದೆ ಇಮಾಮುದ್ದೀನ್ ಸಾಹೇಬರು ಒಮ್ಮೆ ಯಾವನೋ ದೊಡ್ಡ ಜಮೀನ್ದಾರನ ಮನೆಗೆ ಬ್ಯಾಟರಿ ನೋಡಲು ಹೋಗಿದ್ದರಂತೆ. ಅವನ ರತ್ನಗಂಬಳಿಯ ಮೇಲೆ ಆಸಿಡ್ ಚೆಲ್ಲಿತು, ಇತ್ತ ಅಂಗಡಿಯಲ್ಲಿ ಸಾಲಿಗೆ ಹಾಕಿದ ಹದಿನಾರು ಬ್ಯಾಟರಿ ಕುದ್ದುಹೋದವು. ಅಂದು ತೌಬಾ ಎಂದವರು ಮತ್ತೆ ಅಂಗಡಿ ಬಿಟ್ಟು ಕದಲಲಿಲ್ಲ. ಅಪ್ಪ ಹೋದ ಮೇಲೆ ಮಗನೂ ಆ ಮಾತನ್ನು ಕಣ್ಣಿಗೊತ್ತಿಕೊಂಡು ನಡೆದ. ಒಯ್ಯುವುದು, ತರುವುದು ಏನಿದ್ದರೂ ಗಿರಾಕಿಯ ಕೆಲಸ.

"ಅದೇ ತಪ್ಪು ಮಾಡೀಯಪಾ ನೀನು," ಎಂದರು ಆನಂದತೀರ್ಥರು. "ಇಲ್ಲಿ ಆರಾಮ ಇರೂದು ಅಲ್ಲಿ ಹೋದ್ರ ಬೀಳ್ತದ ಅಂದ್ರ, ರೋಗ ಬ್ಯಾಟರಿಗಿಲ್ಲ, ಆ ಜಾಗಕ್ಕದ. ಇದನ್ನ ಹೊತಗೊಂಡು ಅಲ್ಲಿಗೇ ಹೋಗೂಣು. ಅದೇ ಚಾರ್ಜರ್, ಅದೇ ಗೋಡಿ. ಗುಲ್ಶನ್, ಇದನ್ನ ಅರ್ಧ ಖಾಲಿ ಮಾಡವಾ. ತುಂಬಿದ್ದಕ್ಕ ಏನು ತುಂಬೂದು?"

"ನಾ ಬರ್ತೀನಿ ಕಾಕಾ. ಅಬ್ಬಾ ಬ್ಯಾಡ. ಬಿಸಲು ನೋಡ್ರಿ ಹ್ಯಾಂಗ ಅದ."

"ಅಂಗಡಿ ಯಾರು ನೋಡ್ತಾರ?" ಎಂದರು ಆನಂದತೀರ್ಥರು.

ಗುಲ್ಶನ್ ಕೈ ಒರೆಸಿಕೊಂಡಳು. ಲಾರಿಯ ನಾಲ್ಕು ಹೆಡ್‌ಲೈಟ್ ಬಲ್ಬುಗಳನ್ನು ತಂದು ಬ್ಯಾಟರಿಗೆ ಜೋಡಿಸಿದಳು. ಮೂರು ತಾಸು ಉರಿದರೆ ಅರ್ಧ ಇಳಿಯುತ್ತದೆ ಎಂದು ಲೆಕ್ಕ ಹೇಳಿ, ದುಪಟ್ಟಾ ಸೊಂಟಕ್ಕೆ ಸಿಕ್ಕಿಸಿಕೊಂಡು ಹಿಂದಿನ ಕೋಣೆಗೆ ಹೋದಳು.

ಹಗಲಿನಲ್ಲಿ ನಾಲ್ಕು ಬಲ್ಬು ಉರಿಯುತ್ತ ಕೂತವು. ಇಬ್ಬರು ಮುದುಕರು ಅವನ್ನೇ ನೋಡುತ್ತ ಕೂತರು.

ಹಿಂದೆ ಈ ಅಂಗಡಿಯ ತುಂಬ ಇಂಥ ಬಲ್ಬುಗಳೇ. ಒಂದು ಸಾಲಿಗೆ ಹದಿನಾರು ಬ್ಯಾಟರಿ, ಕರೆಂಟು ಮಿತಿಮೀರದಂತೆ ನಡುವೆ ಬಲ್ಬುಗಳ ಸರ. ಶನಿವಾರ ಸಂಜೆಯಾದರೆ ಕಾಲಿಡಲು ಜಾಗವಿರುತ್ತಿರಲಿಲ್ಲ. ತಾಜಸುಲ್ತಾನಪುರ, ಕುಸನೂರ ಕಡೆಯಿಂದ ಟ್ರ್ಯಾಕ್ಟರಿನ ಬ್ಯಾಟರಿ ಬಿಚ್ಚಿ ಸೈಕಲ್ಲಿಗೆ ಕಟ್ಟಿಕೊಂಡು ಬರುವವರು. ರವಿವಾರ ಮುಂಜಾನೆ ಊರಿಗೆಲ್ಲ ಒಂದೇ ಟಿವಿ. ನಡುವೆ ಕರೆಂಟು ಹೋದರೆ ಮಂದಿ ಬ್ಯಾಟರಿ ತಂದವನನ್ನು ತಲೆಯ ಮೇಲೆ ಹೊತ್ತು ಮೆರೆಸುತ್ತಿದ್ದರು. ಆ ಬ್ಯಾಟರಿಗಳ ಮೇಲೆಲ್ಲ ಇಮಾಮುದ್ದೀನ್ ಸಾಹೇಬರ ಸೀಮೆಸುಣ್ಣದ ಗುರುತು.

"ತೀರ್ಥಾ, ನಿನ್ನ ಚೊಣ್ಣ ನೆನಪದ?" ಎಂದ ಜಹೀರುದ್ದೀನ್ ಇದ್ದಕ್ಕಿದ್ದಂತೆ.

ನೆನಪಿಲ್ಲದೆ ಏನು! ಹದಿನೈದು ವರ್ಷದ ಇಬ್ಬರೂ ಒಂದು ಮದುವೆಯ ಲೌಡ್‌ಸ್ಪೀಕರಿಗೆ ಬ್ಯಾಟರಿ ಹೊತ್ತು ಸೈಕಲ್ಲಿನಲ್ಲಿ ಕಮಲಾಪುರಕ್ಕೆ ಹೋಗಿದ್ದರು. ಮಾಲೀಕನ ಮಗ ಗಿರಾಕಿಯ ಬ್ಯಾಟರಿ ಹೊತ್ತುಕೊಂಡು ಹೋಗುವುದೆಂದರೆ ಸಣ್ಣ ಗುನ್ನೆಯೇ? ಇಮಾಮುದ್ದೀನ್ ಸಾಹೇಬರು ನಮಾಜಿಗೆ ಹೋದ ಹೊತ್ತು ನೋಡಿ ಓಟ ಕಿತ್ತಿದ್ದರು. ದಾರಿಯಲ್ಲಿ ಆಸಿಡ್ ತುಳುಕಿ ಆನಂದತೀರ್ಥನ ಹೊಸ ಚೊಣ್ಣದ ಹಿಂಭಾಗ ಜರಡಿಯಾಯಿತು. ಎರಡೂ ಕೈ ಹಿಂದೆ ಕಟ್ಟಿಕೊಂಡೇ ಮನೆ ಹೊಕ್ಕ ಮಗನನ್ನು ತಿರುಗಿಸಿ ನೋಡಿ ತಾಯಿ ಪಾರ್ವತೀಬಾಯಿ "ಕಾಯ್ ರೇ ಹೇ! ಏನೋ ಇದು!" ಎಂದು ಚೀರಿದ್ದು ಇಡೀ ವಾಡೆಗೆ ಕೇಳಿತ್ತು.

"ಏಟು ತಿಂದಿದ್ದು ನಾನು. ನೀ ಕಮಲಾಪುರದ ಬಾಳೆಹಣ್ಣು ತಿಂದಿ," ಎಂದರು ಆನಂದತೀರ್ಥರು.

"ನೀನೂ ತಿಂದಿ. ಎರಡು ತಿಂದಿ."

ಇಬ್ಬರೂ ನಕ್ಕರು. ನಗು ನಿಂತ ಮೇಲೆ ಜಹೀರುದ್ದೀನ್ ಬಲ್ಬುಗಳ ಕಡೆ ನೋಡಿದ.

"ನಾಳೆ ನಾ ಒಳಗ ಹೋದ್ರ, ಅಂಗಡಿ ಹೋಗ್ತದ. ಅದು ಹೋಗ್ಲಿ. ಖರಾಬ್ ಮಾಲು ಕೊಟ್ಟು ಒಬ್ಬನ ಜೀವ ತಗೊಂಡ ಅಂತ ಮಂದಿ ಅಂತಾರಲ, ಅದು ನನಗ ತಡಿಯಾಕ ಆಗೂದಿಲ್ಲ. ಅಬ್ಬಾಜಾನ್ ಗೋರಿಗೆ ಯಾವ ಮುಖಾ ತಗೊಂಡು ಹೋಗ್ಲಿ?"

ಅಂಥ ಹೊತ್ತಿನಲ್ಲಿ ಆನಂದತೀರ್ಥರಿಗೆ ಬೈಯುವುದು ರೂಢಿ.

"ಬಾಯಿ ಮುಚ್ಚಿಕೊಂಡು ಚಪ್ಪಲಿ ಹಾಕ್ಕೊ. ಹೊಂಡೂಣು."

*

ಹಳೆಯ ಕಾರು ಊರು ಬಿಟ್ಟು ಹುಮನಾಬಾದ್ ರಸ್ತೆ ಹಿಡಿಯಿತು. ಹಿಂದಿನ ಸೀಟಿನಲ್ಲಿ ಬ್ಯಾಟರಿ, ಅದಕ್ಕೊಂದು ಗೋಣಿಚೀಲದ ಹೊದಿಕೆ. ಎರಡೂ ಕಡೆ ತೊಗರಿ ಕೊಯ್ದ ಹೊಲಗಳು ಬಿಸಿಲಿಗೆ ಬಿದ್ದಿದ್ದವು. ಕುರಿಕೋಟೆ ಸೇತುವೆಯ ಮೇಲೆ ಕಾರು ನಿಧಾನವಾದಾಗ ಜಹೀರುದ್ದೀನ್ ಕಿಟಕಿಯಿಂದ ತಲೆ ಹೊರಹಾಕಿ ನೀರು ನೋಡಿದ.

"ಆವಾಗ ಇಷ್ಟು ನೀರೆಲ್ಲಿತ್ತೋ. ಕೆಳಗ ಇಳದು ಮುಖ ತೊಳಕೊಂಡಿದ್ವಿ."

"ಅವಾಗ ಇಳ್ಯಾಕ ಮೊಣಕಾಲೂ ಇದ್ದವು."

ಐವತ್ತು ವರ್ಷದ ಮೇಲೆ ಅವನು ಈ ರಸ್ತೆಗೆ ಬಂದಿದ್ದ. ಪ್ರತಿ ತಿರುವಿಗೂ ಇಲ್ಲೊಂದು ಬೇವಿನ ಮರವಿತ್ತು, ಇಲ್ಲೊಬ್ಬ ಸೋಡಾ ಮಾರುತ್ತಿದ್ದ ಎಂದು ತೋರಿಸುತ್ತ ಬಂದ. ಅರ್ಧಕ್ಕರ್ಧ ತಪ್ಪಾಗಿತ್ತು. ಆನಂದತೀರ್ಥರು ತಿದ್ದಲಿಲ್ಲ. ನಾಳೆ ಹನ್ನೊಂದು ಗಂಟೆಯವರೆಗೆ ಅವನು ಏನು ಹೇಳಿದರೂ ಸರಿ ಎಂದು ಅವರು ಅಂಗಡಿಯಲ್ಲೇ ನಿರ್ಧಾರ ಮಾಡಿಬಿಟ್ಟಿದ್ದರು.

ಕಮಲಾಪುರದ ಅಂಚಿನಲ್ಲಿ ಕಲ್ಯಾಣಪ್ಪನ ಬಾಳೆಹಣ್ಣಿನ ಗೋದಾಮು. ಕೆರೆಯ ದಂಡೆಯಲ್ಲಿ ಕರೆಂಟಿಲ್ಲದ್ದರಿಂದ ಅತುಲ ಇಲ್ಲಿಯೇ ಬ್ಯಾಟರಿ ಚಾರ್ಜಿಗೆ ಇಡುತ್ತಿದ್ದ. ಫರಸಿ ಕಲ್ಲಿನ ಹಳೆಯ ಕಟ್ಟಡ. ಒಳಗೆ ಹೆಜ್ಜೆಯಿಟ್ಟರೆ ಕೆಂಪು ಬಾಳೆಯ ವಾಸನೆ ಮುಖಕ್ಕೆ ಬಡಿಯಿತು. ಜಹೀರುದ್ದೀನ್ ಬಾಗಿಲಲ್ಲೇ ಕಣ್ಣು ಮುಚ್ಚಿ ನಿಂತುಬಿಟ್ಟ.

"ಅದೇ ವಾಸನಿ, ತೀರ್ಥಾ. ಖುದಾ ಕಸಮ್, ಅದೇ."

ಕಲ್ಯಾಣಪ್ಪ ಹೆಗಲ ಟವೆಲ್ಲಿನಿಂದ ಬೆವರೊರೆಸುತ್ತ ಬಂದ. ಐವತ್ತರ ದಪ್ಪ ಆಳು, ಮಾತಿಗೊಮ್ಮೆ ನಗುವ ಸ್ವಭಾವ.

"ಬರ್ರಿ ರಾಯರ, ಬರ್ರಿ ಭಾಯ್. ಹಣ್ಣು ತಿನ್ರಿ ಮೊದಲ. ಪೊಲೀಸರು ಎಲ್ಲಾ ನೋಡಿ ಹೋಗ್ಯಾರಲ್ರೀ, ಮತ್ತೇನು?"

"ಪೊಲೀಸರು ದೋಣಿ ನೋಡ್ಯಾರ. ನಾವು ಗೋಡಿ ನೋಡ್ತೇವಿ," ಎಂದರು ಆನಂದತೀರ್ಥರು.

ಚಾರ್ಜರು ಗೋಡೆಯ ಮೇಲೆ ಆಳೆತ್ತರದಲ್ಲಿತ್ತು. ಅಲ್ಲಿಂದ ಎರಡು ದಪ್ಪ ಕೇಬಲ್ಲುಗಳು ಬಾಳೆಗೊನೆ ಪೇರಿಸಿದ ಕಟ್ಟಿಗೆಯ ಅಟ್ಟಣಿಗೆಯ ಹಿಂದೆ ಹೋಗಿ, ಹದಿನೈದು ಅಡಿ ಆಚೆ ಬಾಗಿಲ ಬಳಿ ಹೊರಬರುತ್ತಿದ್ದವು. ಬ್ಯಾಟರಿ ಇಡುವ ಜಾಗ ಅದು. ಅತುಲ ಕಾಣೆಯಾದ ದಿನದಿಂದ ಚಾರ್ಜರು ಬಂದ್ ಆಗಿಯೇ ಇದೆ, ಸ್ವಿಚ್ಚು ಯಾರೂ ಮುಟ್ಟಿಲ್ಲವೆಂದ ಕಲ್ಯಾಣಪ್ಪ.

ಮೊದಲು ಪ್ಲಗ್ಗಿನಲ್ಲಿ ಕರೆಂಟು ನೋಡಿದರು. ಇನ್ನೂರ ಮೂವತ್ತು ವೋಲ್ಟಿಗೆ ಮೋಸವಿಲ್ಲ. ಕೇಬಲ್ಲು ಸಣ್ಣದಾದರೆ ದಾರಿಯಲ್ಲೇ ಕರೆಂಟಿನ ಒತ್ತಡ ಕುಸಿಯುತ್ತದೆ. ಇದು ವೆಲ್ಡಿಂಗಿನ ಕೇಬಲ್ಲು, ಹೆಬ್ಬೆರಳಿನ ದಪ್ಪ. ಕ್ಲಿಪ್ಪುಗಳಿಗೆ ತುಕ್ಕಿಲ್ಲ. ಜಹೀರುದ್ದೀನ್ ಒಂದೊಂದಕ್ಕೂ ನೋಡಿದೆಯಾ ಎಂಬಂತೆ ಗೆಳೆಯನ ಮುಖ ನೋಡುತ್ತಿದ್ದ.

ಬ್ಯಾಟರಿ ಜೋಡಿಸಿ ಸ್ವಿಚ್ಚು ಒತ್ತಿದರು. ಚಾರ್ಜರು ಗುಂಯ್ ಎಂದಿತು. ಅದರ ಮುಖದ ಮೇಲಿನ ಮುಳ್ಳು ಎದ್ದು ಹತ್ತಕ್ಕೆ ಬಂದು ನಿಂತಿತು.

"ನೋಡು! ಹತ್ತಕ್ಕ ಹತ್ತು ಹೊಂಟದ," ಎಂದ ಜಹೀರುದ್ದೀನ್. "ನನ್ನ ಚಾರ್ಜರ್ ಸುಳ್ಳು ಹೇಳೂದಿಲ್ಲ."

ಆನಂದತೀರ್ಥರು ಚೀಲದಿಂದ ಕ್ಲ್ಯಾಂಪ್ ಮೀಟರ್ ತೆಗೆದರು. ತಂತಿಯನ್ನು ಕತ್ತರಿಸಬೇಕಿಲ್ಲ, ಅದರ ದವಡೆಯಲ್ಲಿ ಸುಮ್ಮನೆ ಕಚ್ಚಿಸಿ ಹಿಡಿದರೆ ಒಳಗೆಷ್ಟು ಕರೆಂಟು ಹರಿಯುತ್ತಿದೆ ಎಂದು ಹೇಳುತ್ತದೆ. ಬಾಗಿಲ ಬಳಿ, ಬ್ಯಾಟರಿಗೆ ಹೋಗುವ ಕೇಬಲ್ಲಿಗೆ ಕಚ್ಚಿಸಿದರು.

ನಾಲ್ಕು.

ಮೀಟರು ತೆಗೆದು ಮತ್ತೆ ಕಚ್ಚಿಸಿದರು. ನಾಲ್ಕೇ.

"ಜಹೀರಾ," ಎಂದರು ಮೆಲ್ಲಗೆ, "ಅಲ್ಲಿಂದ ಹತ್ತು ಹೊಂಟದ. ಇಲ್ಲಿ ಬಂದಿದ್ದು ನಾಲ್ಕು. ನಡುವ ಆರು ಎಲ್ಲಿ ಹೋತು?"

ಜಹೀರುದ್ದೀನ್ ಬಗ್ಗಿ ಅಂಕಿ ನೋಡಿದ. ಅವನ ಮುಖದಲ್ಲಿ ಮೊದಲು ಗಾಬರಿ, ಆಮೇಲೆ ನಿಧಾನಕ್ಕೆ ಬೆಳಗಿದಂತೆ ಒಂದು ಖುಷಿ. ಒಂಬತ್ತು ದಿನದಲ್ಲಿ ಅವನ ಮುಖ ಹಾಗಾದದ್ದು ಇದೇ ಮೊದಲು.

"ಯಾರೋ ಕದ್ದಾರ! ಯಾರೋ ನಡುವ ಕೈ ಹಾಕ್ಯಾರ! ಅರೇ ಯಾರ್, ಅದಕ್ಕೇ ಹತ್ತು ತಾಸಿಂದು ಇಪ್ಪತ್ತೈದು ತಾಸು ಹಿಡಿತಿತ್ತು! ನನ್ನ ಮಾಲಿಂದು ತಪ್ಪಿಲ್ಲ, ಬೇಗುನ್ಹಾ ಅದು, ತೀರ್ಥಾ!"

ಗೆಳೆಯನ ಹೆಗಲು ಹಿಡಿದು ಅಲುಗಾಡಿಸಿಬಿಟ್ಟ. ಆನಂದತೀರ್ಥರ ಕನ್ನಡಕ ಬಿದ್ದೇಹೋಗುತ್ತಿತ್ತು. ಅವರಿಗೂ ಖುಷಿಯಿಂದ ಕಣ್ಣು ತುಂಬಿತು.

ಆಮೇಲೆ ಹುಡುಕಾಟ. ಚೀಲದಲ್ಲಿದ್ದ ಎರಡನೆಯ ಮೀಟರನ್ನು ಬ್ಯಾಟರಿಯ ಬಳಿ ಕಚ್ಚಿಸಿಟ್ಟು, ಕೇಬಲ್ಲಿನ ಜಾಡು ಹಿಡಿದು ಅಟ್ಟಣಿಗೆಯ ಹಿಂದೆ ತೂರಿದರು. ಗೊನೆಗಳನ್ನು ಸರಿಸಿದರೆ, ನೆಲದಿಂದ ಮೂರು ಅಡಿ ಮೇಲೆ, ದಪ್ಪ ಕೇಬಲ್ಲಿಗೆ ಇನ್ನೊಂದು ಜೋಡಿ ತಂತಿ ಹೆಣೆದುಕೊಂಡಿತ್ತು. ಅದು ಗೋಡೆಯ ಸಂದಿಯೊಳಗೆ ಇಳಿದು ಆಚೆ ಬದಿಗೆ ಹೋಗಿತ್ತು. ಮೀಟರು ಆ ತಂತಿಗೆ ಕಚ್ಚಿಸಿದರೆ ಆರು ಎಂದಿತು.

ಆ ಗೋಡೆಯಲ್ಲೊಂದು ಸಣ್ಣ ಬಾಗಿಲು. ಬಾಗಿಲಿಗೆ ಅಂಗೈಯಗಲದ ಕೀಲಿ.

"ಕಲ್ಯಾಣಪ್ಪ, ಈ ಖೋಲಿ ಯಾರದು?"

ಕಲ್ಯಾಣಪ್ಪನ ನಗು ಎಲ್ಲಿಗೋ ಹೋಗಿತ್ತು.

"ಹಳೇ ಖೋಲಿ ರೀ. ಏನೂ ಇಲ್ಲ ಅದರಾಗ."

"ಏನೂ ಇಲ್ಲದ ಖೋಲಿ ಆರು ಆಂಪಿಯರ್ ತಿನ್ನಾಕತ್ತದ. ಒಂದು ಫ್ಯಾನು, ಒಂದು ದೀಪ, ಇನ್ನೂ ಏನಾರ. ಕೀಲಿಕೈ ತಗೀರಿ."

"ನನ್ನ ಹತ್ರ ಇಲ್ರೀ. ಅತುಲಗ ಕೊಟ್ಟಿದ್ದೆ. ದೋಣಿ ಸಾಮಾನು ಇಟಗೋತೀನಿ ಅಂದಿದ್ದ. ಕೀಲಿಕೈ ಅವನ ಹತ್ರನೇ ಅದ."

"ಪೊಲೀಸರಿಗೆ ಹೇಳಿರೇನು?"

ಕಲ್ಯಾಣಪ್ಪ ಟವೆಲ್ಲಿನಿಂದ ಮತ್ತೆ ಮುಖ ಒರೆಸಿಕೊಂಡ.

"ಯಾಕ ಹೇಳಿಲ್ಲ?" ಆನಂದತೀರ್ಥರು ಅಟ್ಟಣಿಗೆಯ ಸಂದಿಯಿಂದ ಹೊರಬಂದು ಅವನ ಎದುರಿಗೆ ನಿಂತರು. ಗಿಡ್ಡ ದೇಹ, ಆದರೆ ಠಾಣೆಯಲ್ಲಿ ದುಡಿದವರ ದನಿ. "ನಾ ಹೇಳ್ಲೇನು? ಊರಿಗೆಲ್ಲ ಗೊತ್ತದ, ಕೆರಿ ನೀರಿಗೆ ನಿಮ್ಮವು ನಾಲ್ಕು ಪಂಪು ಕೂತಾವ. ಬಾಳಿ ತೋಟ ಎಲ್ಲಾ ಅದರ ಮ್ಯಾಲೇ ನಿಂತದ. ಅತುಲನ ಹಕ್ಕಿ ಲೆಕ್ಕ ಸರಕಾರಕ್ಕ ಹೋದ್ರ ಆ ಕೆರಿಗೆ ಕೈ ಹಚ್ಚಾಕ ಬರೂದಿಲ್ಲ, ಪಂಪು ಕೀಳಬೇಕಾಗ್ತದ. ಖರೇ ಹೌದೋ ಅಲ್ಲೋ?"

"ಖರೇ ಅದ ರೀ. ಆದ್ರ..."

"ಬ್ಯಾಟರಿ ಅರ್ಧ ತುಂಬಿದ್ರ ದೋಣಿ ನಡುನೀರಾಗ ನಿಲ್ತದ ಅಂತ ನಿಮಗ ಗೊತ್ತಿತ್ತು."

"ರಾಯರ, ಅನ್ಯಾಯ ಮಾಡಬ್ಯಾಡ್ರಿ!" ಕಲ್ಯಾಣಪ್ಪ ಅಳುವುದೊಂದು ಬಾಕಿ. "ಜಗಳ ಮಾಡೀನಿ, ಹೌದು. ಕಡೀ ದಿನನೂ ಮಾಡೀನಿ. ಆದ್ರ ಅವನಿಗೆ ಚಾರ್ಜ್ ಮಾಡಾಕ ಜಾಗ ಕೊಟ್ಟಾವ ನಾನೇ. ನನ್ನ ಮ್ಯಾಲೆ ಸಂಶೆ ಬರ್ತದಂತ ಖೋಲಿ ಮಾತು ಎತ್ತಲಿಲ್ಲ, ಅದು ನನ್ನ ತಪ್ಪು. ಈ ತಂತಿ ಯಾವಾಗ ಬಂತು ನನಗ ಗೊತ್ತಿಲ್ಲ. ನನಗ ಬಲ್ಬು ಹಾಕಾಕೂ ಬರೂದಿಲ್ರೀ!"

ಸುಳ್ಳು ಹೇಳುವವರನ್ನು ಆನಂದತೀರ್ಥರು ಸಾಕಷ್ಟು ನೋಡಿದ್ದರು. ಇವನು ಹೆದರಿದ್ದ, ಆದರೆ ಸುಳ್ಳು ಹೇಳುತ್ತಿರಲಿಲ್ಲ. ಹಾಗಾದರೆ ತಂತಿ ಹಾಕಿದ ಕೈ ಯಾವುದು? ಟಾರ್ಚ್ ತೆಗೆದುಕೊಂಡು ಮತ್ತೆ ಸಂದಿಯೊಳಗೆ ತೂರಿ, ಆ ಜೋಡಣೆಯನ್ನು ಹತ್ತಿರದಿಂದ ನೋಡಿದರು.

ನೋಡಿದವರು ಕನ್ನಡಕ ಒರೆಸಿ ಮತ್ತೊಮ್ಮೆ ನೋಡಿದರು.

ಬೇರೆಯವರಾದರೆ ತಂತಿ ತಿರುವಿ ಮೇಲೊಂದು ಕರಿ ಟೇಪು ಸುತ್ತುತ್ತಾರೆ. ಇಲ್ಲಿ ಟೇಪಿರಲಿಲ್ಲ. ಒತ್ತೊತ್ತಾಗಿ ಏಳು ಸುತ್ತು ತಂತಿ, ಅದರ ಮೇಲೆ ಮೇಣ ತಿಕ್ಕಿದ ನೂಲಿನ ಹೊದಿಕೆ, ತುದಿಯಲ್ಲಿ ಕಣ್ಣಿಗೆ ಕಾಣದಂತೆ ಒಳಗೆ ಸೇರಿಸಿದ ಗಂಟು. ಆಸಿಡ್ಡಿನ ಹೊಗೆಗೆ ಟೇಪಿನ ಅಂಟು ನಿಲ್ಲುವುದಿಲ್ಲವೆಂದು ಇಮಾಮುದ್ದೀನ್ ಸಾಹೇಬರು ಕಂಡುಕೊಂಡಿದ್ದ ಕಟ್ಟು ಅದು. ಇಡೀ ಕಲಬುರಗಿಯಲ್ಲಿ ಇನ್ನೊಂದು ಅಂಗಡಿಗೆ ಈ ಕೆಲಸ ಬರುತ್ತಿರಲಿಲ್ಲ. ಅವರಿಂದ ಕಲಿತವನು ಜಹೀರುದ್ದೀನ್. ಜಹೀರುದ್ದೀನನಿಂದ ಕಲಿತವಳು ಗುಲ್ಶನ್.

ಮೇಣ ಇನ್ನೂ ಹೊಸದಾಗಿತ್ತು, ಉಗುರಿಗೆ ಅಂಟಿತು. ಜಹೀರುದ್ದೀನನ ಬೆರಳುಗಳು ನಡುಗತೊಡಗಿ ಎರಡು ವರ್ಷವಾಯಿತು. ಬಸಿಯಿಂದ ಚಹಾ ಕುಡಿಯಲು ಬಾರದ ಕೈ ನೂಲು ಕಟ್ಟುವುದುಂಟೇ?

ಹಿಂದೆ ಉಸಿರು ಕೇಳಿಸಿತು. ಜಹೀರುದ್ದೀನ್ ಅವರ ಭುಜದ ಮೇಲಿಂದ ಅದನ್ನೇ ನೋಡುತ್ತಿದ್ದ. ಟಾರ್ಚಿನ ಬೆಳಕಿನಲ್ಲಿ ಅವನ ಮುಖದ ರಕ್ತವೆಲ್ಲ ಇಳಿದುಹೋಗಿತ್ತು. ಇಬ್ಬರೂ ಒಬ್ಬರನ್ನೊಬ್ಬರು ನೋಡಿಕೊಳ್ಳಲಿಲ್ಲ.

ಅಷ್ಟರಲ್ಲಿ ಬಾಗಿಲ ಬಳಿಯಿಂದ ಕಲ್ಯಾಣಪ್ಪ ಕೂಗಿದ.

"ರಾಯರ! ಇಲ್ಲಿ ಬರ್ರಿ! ಮೀಟರಿಗೆ ಏನೋ ಆತು!"

ಆನಂದತೀರ್ಥರು ಬ್ಯಾಟರಿಯ ಕೇಬಲ್ಲಿಗೆ ಕಚ್ಚಿಸಿಟ್ಟು ಬಂದ ಮೀಟರು ಅದು. ನಾಲ್ಕು ಇದ್ದದ್ದು ಈಗ ಹತ್ತು ತೋರಿಸುತ್ತಿತ್ತು. ಕೈಯಲ್ಲಿದ್ದ ಮೀಟರು ಕಳ್ಳ ತಂತಿಗೆ ಹಿಡಿದರೆ ಸೊನ್ನೆ.

ಯಾರೂ ತಂತಿ ಬಿ‍ಚ್ಚಿರಲಿಲ್ಲ. ಯಾರೂ ಸ್ವಿಚ್ಚು ಮುಟ್ಟಿರಲಿಲ್ಲ. ಅಂದರೆ ಗೋಡೆಯ ಆಚೆ, ಕೀಲಿ ಹಾಕಿದ ಖೋಲಿಯೊಳಗೆ, ಕರೆಂಟು ಬಂದೊಡನೆ ತಾನಾಗಿ ಶುರುವಾದ ಫ್ಯಾನು, ದೀಪಗಳನ್ನು ಯಾರೋ ಈಗಷ್ಟೇ ಆರಿಸಿದ್ದರು.

"ಒಳಗ ಮನುಷ್ಯಾ ಇದ್ದಾನ," ಎಂದರು ಆನಂದತೀರ್ಥರು ಪಿಸುದನಿಯಲ್ಲಿ. "ಕಲ್ಯಾಣಪ್ಪ, ಹಿಂದ ಬಾಗಿಲು ಅದಯೇನು?"

"ಕಿಟಕಿ ಅದ ರೀ. ತೋಟದ ಕಡೆ."

ಅವರು ಓಡಲೆಂದು ತಿರುಗಿದರು. ತಿರುಗಿದವರ ರಟ್ಟೆಯನ್ನು ಜಹೀರುದ್ದೀನ್ ಹಿಡಿದ. ನಡುಗುವ ಕೈಯಲ್ಲಿ ಅಷ್ಟು ಬಲವಿತ್ತೆಂದು ಅವರಿಗೆ ಗೊತ್ತಿರಲಿಲ್ಲ.

"ಬ್ಯಾಡ, ತೀರ್ಥಾ."

"ಬಿಡೋ! ಅವ ಅತುಲನೇ ಆದ್ರ ನಿನ್ನ ಮ್ಯಾಲಿನ ಕೇಸೇ ಇಲ್ಲ! ಸತ್ತಾವ ಬದುಕ್ಯಾನ ಅಂತ ಅಂದ್ರ..."

"ಬ್ಯಾಡ ಅಂದೆ ನಾನು. ಅತುಲ ಇದ್ರ ಸರಿ. ಬ್ಯಾರೆ ಯಾರಾರ ಇದ್ರ? ಅವನ್ನ ಮುಳುಗಿಸಿದಾವನೇ ಇದ್ರ? ಆ ಖೋಲಿಗೆ ತಂತಿ ಹಾಕಿದ ಕೈ ಯಾರದಂತ ಕೇಳ್ತಾರ."

ಗೋಡೆಯ ಆಚೆ ಕಿಟಕಿಯ ರೆಕ್ಕೆ ಬಡಿದ ಸದ್ದು. ಆಮೇಲೆ ಒಣ ಬಾಳೆ ಎಲೆಗಳ ಮೇಲೆ ಕಾಲು ಓಡಿದ ಸಪ್ಪಳ. ಹತ್ತು ಹೆಜ್ಜೆ, ಇಪ್ಪತ್ತು ಹೆಜ್ಜೆ, ಮತ್ತೆ ತೋಟದಲ್ಲಿ ಏನೂ ಇಲ್ಲ. ಆನಂದತೀರ್ಥರು ರಟ್ಟೆ ಬಿಡಿಸಿಕೊಳ್ಳುವ ಹೊತ್ತಿಗೆ ಎಲ್ಲ ಮುಗಿದಿತ್ತು.

"ಏನು ಮಾಡಿದ್ಯೋ ಹುಚ್ಚಪ್ಪಾ! ನಿನ್ನ ಬಿಡುಗಡಿನೇ ಓಡಿ ಹೋತಲ್ಲೋ!"

ಜಹೀರುದ್ದೀನ್ ಕೇಳಿಸಿಕೊಳ್ಳಲಿಲ್ಲ. ಅವನು ಕಲ್ಯಾಣಪ್ಪನ ಕಡೆ ನೋಡುತ್ತಿದ್ದ. ಕಲ್ಯಾಣಪ್ಪ ಗಾಬರಿಯಿಂದ ಆಗಲೇ ಇನ್‌ಸ್ಪೆಕ್ಟರಿಗೆ ಫೋನು ಹಚ್ಚಿ, ಖೋಲಿಯಲ್ಲಿ ಯಾರೋ ಇದ್ದರು, ಕಳ್ಳ ತಂತಿ ಸಿಕ್ಕಿದೆ ಎಂದು ಒಂದೇ ಉಸಿರಿಗೆ ಒದರುತ್ತಿದ್ದ. ಜಹೀರುದ್ದೀನ್ ಅವನ ಬಳಿ ಹೋಗಿ, ಮಕ್ಕಳ ಕೈಯಿಂದ ಆಟಿಕೆ ತೆಗೆದುಕೊಳ್ಳುವಷ್ಟು ಮೆತ್ತಗೆ, ಫೋನು ತೆಗೆದುಕೊಂಡ.

"ಸಾಹೇಬ್ರ, ನಾ ಬ್ಯಾಟರಿ ಜಹೀರುದ್ದೀನ್ ಮಾತಾಡಾಕತ್ತೀನಿ. ಹೌದ್ರಿ, ನಾಳೆ ಬರಬೇಕಿತ್ತು. ನಾಳೆ ತನಕ ಯಾಕ, ಇವತ್ತೇ ಬರ್ರಿ. ಕಮಲಾಪುರದಾಗೇ ಇದ್ದೀನಿ." ಅವನ ದನಿ ಮಾತ್ರ ಒಂದಿಷ್ಟೂ ನಡುಗಲಿಲ್ಲ. "ಆ ತಂತಿ ಹಾಕಿದಾವ ನಾನು. ಬ್ಯಾಟರಿ ತುಂಬಬಾರದು ಅಂತ ಗೊತ್ತಿದ್ದೇ ಹಾಕೀನಿ. ಬರಕೋರಿ."

"ಜಹೀರಾ!"

ಇಲ್ಲಿಯವರೆಗೆ ಅದು ತಪ್ಪಿನಿಂದಾದ ಸಾವಿನ ಕೇಸು. ಗೊತ್ತಿದ್ದೇ ಮಾಡಿದೆ ಎಂದ ಮೇಲೆ ಕೊಲೆಯ ಕೇಸು. ಅದು ಜಹೀರುದ್ದೀನನಿಗೂ ಗೊತ್ತಿತ್ತು. ಅದಕ್ಕೇ ಹಾಗೆ ಹೇಳಿದ್ದ, ಇನ್ನೊಬ್ಬರ ಹೆಸರು ಹುಡುಕಲು ಯಾರಿಗೂ ಜಾಗವೇ ಉಳಿಯದಂತೆ.

ಫೋನಿನಲ್ಲಿ ಅತ್ತ ಕಡೆಯವರು ಏನೋ ಕೇಳಿದರು. ಜಹೀರುದ್ದೀನ್ ಫೋನನ್ನು ಆನಂದತೀರ್ಥರ ಕಡೆ ಚಾಚಿದ.

"ನಿನ್ನ ಕೇಳಾಕತ್ತಾರ."

ಆನಂದತೀರ್ಥರು ಕಿವಿಗೆ ಹಿಡಿದರು. ಇನ್‌ಸ್ಪೆಕ್ಟರ್ ಅವರನ್ನು ಬಲ್ಲವನು, ಅವರ ಮಾತಿಗೆ ಬೆಲೆ ಕೊಡುವವನು.

"ರಾಯರ, ನೀವು ಕಣ್ಣಾರೆ ನೋಡೀರಿ. ನೀವು ಹೌದು ಅಂದ್ರ ಹೌದು, ಅಲ್ಲ ಅಂದ್ರ ಅಲ್ಲ. ಆ ತಂತಿ ಕಟ್ಟಿದ್ದು ಅವರ ಕೈಯೇನು?"

ಜಹೀರುದ್ದೀನ್ ಎದುರಿಗೆ ನಿಂತಿದ್ದ. ಐವತ್ತೈದು ವರ್ಷದಲ್ಲಿ ಗೆಳೆಯನ ಬಳಿ ಏನನ್ನೂ ಬೇಡದವನು, ಈಗ ಎರಡೂ ಕೈ ಜೋಡಿಸಿದ್ದ.